ನಲವತ್ತೊಂದನೇ ನಡೆ

ಸಿರವಾರದ ಜಿನ್ನಿಂಗ್ ಮಿಲ್ಲಿನ ತೂಕದ ಕೋಣೆಗೆ
ಆರು ವರ್ಷದ ಮೇಲೆ ಬಂದಿದ್ದೇವೆ.
ಶಕ್ತಿನಗರದಿಂದ ನಾವು ನಾಲ್ವರು,
ಹಟ್ಟಿ ಗಣಿಯಿಂದ ಅವರು ನಾಲ್ವರು.
ಬಸ್ಸಿನ ಲೆಕ್ಕ ಹಾಕಿ ಹಿಂದೆ ಯಾರೋ
ಗೊತ್ತುಮಾಡಿದ ನಡುವಿನ ಊರು ಇದು.

ಯಾಕೆ ನಿಂತಿತ್ತು ಅಂತ ಕೇಳಿದರೆ
ರೋಗ ಅನ್ನುತ್ತೇವೆ.
ರೋಗ ಹೋಗಿ ಎಷ್ಟೋ ದಿನವಾಯಿತು.
ಆಮೇಲೆ ಇಲ್ಲಿ ಬೀಜದ ಚೀಲ ತುಂಬಿದ್ದರು,
ಆಮೇಲೆ ಅಮರೇಶನಿಗೆ ನೈಟ್ ಶಿಫ್ಟು,
ಆಮೇಲೆ, ನಿಜ ಹೇಳಬೇಕೆಂದರೆ,
ಅವರು ಮಾಡಲಿ ಅಂತ ನಾವು, ನಾವು ಮಾಡಲಿ ಅಂತ ಅವರು
ಫೋನು ಬೋರಲು ಹಾಕಿ ಕೂತಿದ್ದೆವು.

ಹಂಪಯ್ಯ ಗುಮಾಸ್ತರು ಟ್ರಂಕು ತಂದು ಬಿಚ್ಚಿದರು.
ಬೋರ್ಡಿನ ಮಡಿಕೆಯಲ್ಲಿ ಹತ್ತಿಯ ಎಳೆ.
ಗಡಿಯಾರದ ಹೊಟ್ಟೆಯಲ್ಲಿ ಸೆಲ್ಲು ಒಡೆದು ಹಸಿರು ಕಿಲುಬು.
ಕಪ್ಪು ಒಂಟೆ ಒಂದು ಕಾಣೆ.
ಅದರ ಮನೆಯಲ್ಲಿ ಐವತ್ತು ಗ್ರಾಮಿನ ಹಿತ್ತಾಳೆ ಬೊಟ್ಟು ನಿಲ್ಲಿಸಿ
"ಇದೂ ಓರೆಯಾಗೇ ಹೋಗ್ತದ, ನೆನಪಿರಲಿ" ಅಂದರು.
ಎಲ್ಲರೂ ನಕ್ಕೆವು. ಅಲ್ಲಿಯತನಕ
ಮಾತು ಮುರಿದ ಬೀಗರ ಹಾಗೆ
ಎದುರುಬದುರು ನಿಂತಿದ್ದೆವು.

ನಮ್ಮ ನಾಲ್ಕನೇ ಬೋರ್ಡಿಗೆ ಹೊಸಬಳು, ಭೀಮಾಂಬಿಕಾ.
ಡಿಪ್ಲೊಮಾ ಎರಡನೇ ವರ್ಷ. ಫೋನಿನಲ್ಲೇ ಕಲಿತವಳು.
ಸಾವಿರ ಆಟ ಆಡಿದ್ದಾಳೆ, ಕಾಯಿ ಮುಟ್ಟಿದವಳಲ್ಲ.
ಆನೆಯನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ
"ತೂಕ ಅದಾವಲ್ಲ ಸರ್ ಇವು!" ಅಂದಳು.
ಹಂಪಯ್ಯ ಸುಮ್ಮನೆ ತಕ್ಕಡಿ ಕಡೆ ನೋಡಿದರು.

ನನ್ನದು ಮೂರನೇ ಬೋರ್ಡು. ಹೊಸ ಆಟವಲ್ಲ.
ಅವತ್ತು ಕವಿತಾಳದ ಕಡೆಯ ಬಸ್ಸು ಹಾರ್ನ್ ಹೊಡೆದಾಗ
ಶೇಕ್ಷಾವಲಿ ತನ್ನ ನಲವತ್ತೊಂದನೇ ನಡೆಯನ್ನು
ಚೀಟಿಯಲ್ಲಿ ಗೀಚಿ, ಲಕೋಟೆಗೆ ಹಾಕಿ ಅಂಟಿಸಿ,
ಹಂಪಯ್ಯನವರ ಕೈಗಿಟ್ಟು ಓಡಿದ್ದ.
ಹತ್ತಿ ಅಂಡಿಗೆಯ ಮೊಹರನ್ನೇ ಅರಗಿನ ಮೇಲೆ ಒತ್ತಿ
ತೂಕದ ವಹಿಯಲ್ಲಿ ಇಟ್ಟಿದ್ದರು ಅವರು.

ಆ ಲಕೋಟೆಯೊಳಗೆ ಆರು ವರ್ಷ ಇದ್ದೆ ನಾನು.
ಬಾಯ್ಲರ್ ಮುಂದೆ ಮೀಟರ್ ಓದುತ್ತಾ
ಅವನ ಕುದುರೆಯನ್ನು ಎಲ್ಲೆಲ್ಲೋ ಹಾರಿಸಿದೆ.
ಆನೆ ಕೊಟ್ಟು ನುಗ್ಗುತ್ತಾನೇನೋ ಅಂತ
ರಾತ್ರಿ ಎರಡಕ್ಕೆ ಎದ್ದು ಕೂತೆ.
ಮಗಳ ನಿಶ್ಚಯದ ದಿನ ಎಲೆಅಡಿಕೆ ತಟ್ಟೆ ಹಿಡಿದಾಗ
ಅವನ ವಜೀರನಿಗೆ ಉತ್ತರ ಹೊಳೆಯಿತು,
ಬೀಗರು ಏನೋ ಕೇಳಿದರು, ಹೂಂ ಅಂದೆ.
(ಏನು ಕೇಳಿದ್ದರು ಅನ್ನೋದು ಮದುವೆಯ ಖರ್ಚಿನಲ್ಲಿ ತಿಳಿಯಿತು.)
ಪ್ರತಿ ನಡೆಗೂ ಉತ್ತರ ಬರೆದ ನೋಟ್‌ಬುಕ್ಕು,
ಇನ್ನೂರು ಪುಟದ್ದು, ಚೀಲದಲ್ಲಿದೆ.

"ಏನ್ ಬರೆದೀನೋ, ನೆನಪೇ ಇಲ್ಲ ನೋಡಣ್ಣ"
ಅಂತ ಶೇಕ್ಷಾವಲಿ ಕುರ್ಚಿ ಎಳೆದ.
ಗಣಿಯೊಳಗೆ ಇಳಿದಿಳಿದು ಅವನ ಕಿವಿ ಈಗ ಮಂದ,
ಎರಡೆರಡು ಸಲ ಹೇಳಬೇಕು.

ಅರಗು ಒಡೆದು ಪುಡಿಯಾಯಿತು. ಹಂಪಯ್ಯ
ಕನ್ನಡಕ ಹಣೆಗೇರಿಸಿ ಓದಿದರು:
ಎಚ್ ಮೂರು.

ಎಚ್ ಮೂರು.
ಅಂಚಿನ ಪ್ಯಾದೆ, ಒಂದೇ ಮನೆ ಮುಂದಕ್ಕೆ.
ಹೊಡೆತವಿಲ್ಲ, ಬೆದರಿಕೆಯಿಲ್ಲ,
ಮೂಲೆಯ ರಾಜನಿಗೆ
ಗಾಳಿಯಾಡಲಿ ಅಂತ ಒಂದು ಕಿಟಕಿ.
ಚೀಟಿಯ ಹಿಂದೆ, ನಾಲ್ವರ ಟಿಕೆಟ್ಟಿನ ಲೆಕ್ಕ,
ಎರಡು ಚಾ ಬಾಕಿ.

ನನ್ನ ಇನ್ನೂರು ಪುಟದಲ್ಲಿ ಇದಿಲ್ಲ.

"ಯಾಕ ಆಡಿದಿ ಇದನ್ನ?"
"ಆಂ?"
"ಯಾಕ ಆಡಿದಿ?"
"ಬಸ್ ಹೊಂಟಿತ್ತಲ್ಲಣ್ಣ!"

ಗಡಿಯಾರ ಒತ್ತಿದರು. ನನ್ನ ಕಡೆಯದು ಓಡತೊಡಗಿತು.
ಯಾರೋ ಒಗ್ಗರಣೆ-ಮಿರ್ಚಿಯ ತಟ್ಟೆಯನ್ನು
ಜಾಗವಿಲ್ಲದೆ ನನ್ನ ನೋಟ್‌ಬುಕ್ಕಿನ ಮೇಲಿಟ್ಟರು.
ಎಣ್ಣೆ ರಟ್ಟಿಗೆ ಇಳಿಯುವುದು ಕಂಡಿತು.
ಎತ್ತಲಿಲ್ಲ.
ಎರಡೂ ಕೈ ಕೆನ್ನೆಗೆ ಕೊಟ್ಟು
ಮೊದಲಿನಿಂದ ಯೋಚಿಸತೊಡಗಿದೆ.